ಜೀಪು ಬಂದ ದಾರಿ, ಪಾಲಿಸಿ ಬಂದ ದಾರಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಳಗದ ಗೆಳೆಯನ ತಮ್ಮ ಫೋನ್ ಮಾಡಿದ. ವಯಸ್ಸು 21. ಲೈಸೆನ್ಸ್ ಬಂದು ಎರಡು ವರ್ಷವಾಗಿದೆ. ಮನೆ ಇರುವುದು ಮಲೆನಾಡಿನಲ್ಲಿ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ನಡುವೆ ಎರಡು ಹಳ್ಳ, ಒಂದು ಕಡಿದಾದ ಏರು. ಜೂನ್ ಬಂದರೆ ಬೈಕೂ ಹತ್ತುವುದಿಲ್ಲ. ಗೊಬ್ಬರದ ಚೀಲ, ಅಡಿಕೆ ಮೂಟೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲಕ್ಕೂ ಬೇರೆಯವರ ಗಾಡಿಗೆ ಕಾಯಬೇಕು.

"ಅಣ್ಣ, ಪೇಟೆ ಗ್ಯಾರೇಜಲ್ಲಿ ಒಂದು ಹಳೇ ಜೀಪು ಬಂದದೆ. ದೊಡ್ಡ ಟೈರು, ಹೊಸ ಪೇಂಟು. ನೋಡೋಕೆ ಸಿನಿಮಾ ಗಾಡಿ ಇದ್ದಂಗಿದೆ. ಇದ್ರ ಇನ್ಶೂರೆನ್ಸ್ ಎಷ್ಟಾಗ್ತದೆ?"

ಪ್ರಶ್ನೆ ಸಣ್ಣದು. ಉತ್ತರ ಹುಡುಕಲು ಹೊರಟ ನಾವು ಎಂಬತ್ತು ವರ್ಷ ಹಿಂದಕ್ಕೆ ಹೋದೆವು. ನಮ್ಮ ಊರಿನ ದಾರಿಗೆ ಜೀಪು ಬಂದದ್ದಕ್ಕೂ ಒಂದು ಚರಿತ್ರೆ ಇದೆ, ಆ ಜೀಪಿಗೆ ಪಾಲಿಸಿ ಕಡ್ಡಾಯವಾದದ್ದಕ್ಕೂ ಒಂದು ಚರಿತ್ರೆ ಇದೆ. ಎರಡನ್ನೂ ತಿಳಿದುಕೊಂಡರೆ ಮೊದಲ ಗಾಡಿ ಕೊಳ್ಳುವವರು ಏನು ನೋಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಯುದ್ಧಕ್ಕೆ ಹುಟ್ಟಿದ ಗಾಡಿ

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಹಗುರ ಗಾಡಿ ಬೇಕಾಗಿತ್ತು. ನಾಲ್ಕೂ ಚಕ್ರ ಎಳೆಯಬೇಕು, ಕೆಸರಿನಲ್ಲಿ ಹೂತುಕೊಳ್ಳಬಾರದು, ಕೆಟ್ಟರೆ ದಾರಿಯಲ್ಲೇ ಸರಿಯಾಗಬೇಕು. ಮೊದಲ ಮಾದರಿ ಮಾಡಿಕೊಡಲು ಸೈನ್ಯ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿನೊಳಗೆ ಮಾಡಿಕೊಟ್ಟಿತು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕೆಲಸ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಅದು ಸೈನಿಕರಿಗೆಂದು ಮಾಡಿದ ಗಾಡಿ. ಬಾಗಿಲಿಲ್ಲ, ಗಟ್ಟಿ ಮಾಡಿಲ್ಲ, ಸೀಟ್ ಬೆಲ್ಟ್ ಇಲ್ಲ. ಅಗಲ ಕಮ್ಮಿ, ನೆಲದಿಂದ ಎತ್ತರ ಜಾಸ್ತಿ. ನಮ್ಮ ಘಟ್ಟದ ತಿರುವುಗಳಲ್ಲಿ ಹಳೇ ಜೀಪು ಜೋರಾಗಿ ಓಡಿಸಿದರೆ ಮಗುಚುವ ಭಯ ಹೆಚ್ಚು ಎಂದು ಹಿರಿಯರು ಹೇಳುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ.

ಭಾರತದಲ್ಲಿ ಈ ಕಥೆ ಶುರುವಾಗುವುದು ಲುಧಿಯಾನದಲ್ಲಿ. ಅಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು 'ಮಹೀಂದ್ರ ಅಂಡ್ ಮೊಹಮ್ಮದ್' ಎಂಬ ಕಂಪನಿ ಹುಟ್ಟಿತು. ದೇಶ ವಿಭಜನೆಯಾದಾಗ ಪಾಲುದಾರ ಮಲಿಕ್ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸುವ ಕೆಲಸ ಶುರುವಾಯಿತು.

ಸರ್ಕಾರವೇ ಎಡವಿದ ಹಳೇ ಜೀಪು

ಇಲ್ಲಿ ಒಂದು ಸ್ವಾರಸ್ಯದ ಪ್ರಸಂಗವಿದೆ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಎಂದು ಹೇಳುವುದು ಹಳೇ ಜೀಪಿನ ವ್ಯವಹಾರವನ್ನೇ.

1948ರಲ್ಲಿ ಕಾಶ್ಮೀರದ ಯುದ್ಧಕ್ಕೆ ತುರ್ತಾಗಿ ಜೀಪು ಬೇಕಾಗಿದ್ದವು. ಆಗ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. ರಿಪೇರಿ ಮಾಡಿದ ಹಳೇ ಜೀಪುಗಳಿಗಾಗಿ ಅಲ್ಲಿ ಒಂದು ಖಾಸಗಿ ಕಂಪನಿಯ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದವಾಯಿತು. ಹಣದ ದೊಡ್ಡ ಪಾಲು ಮೊದಲೇ ಕೊಟ್ಟಾಗಿತ್ತು. ಬಂದದ್ದು 155 ಜೀಪು. ಅವೂ ಬಳಸಲು ಯೋಗ್ಯವಾಗಿಲ್ಲ ಎಂದು ಸೈನ್ಯ ಹೇಳಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲ ನಡೆಯಿತು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತು ಎಂದು ಘೋಷಿಸಿತು.

ತಪ್ಪು ಯಾರದು ಎಂಬ ಚರ್ಚೆ ಇಂದಿಗೂ ಇದೆ. ನಮಗೆ ಬೇಕಾದ ಪಾಠ ಅದಕ್ಕಿಂತ ಸರಳ. ಗಾಡಿ ನೋಡುವ ಮೊದಲು ಹಣ ಕೊಡಬಾರದು. ದೇಶದ ಸರ್ಕಾರವೇ ಹೀಗೆ ಸಿಕ್ಕಿಬಿದ್ದ ಮೇಲೆ 21ರ ಹುಡುಗ ಹೊಸ ಪೇಂಟು ನೋಡಿ ಮರುಳಾದರೆ ಆಶ್ಚರ್ಯವೇನು?

ಆಫೀಸಿನ ಜೀಪಿನಿಂದ ಮನೆಯ ಜೀಪಿಗೆ

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕ್ ಆಫೀಸುಗಳು ಬಂದವು, ಅವುಗಳ ಜೊತೆಗೆ ಜೀಪುಗಳೂ ಬಂದವು. ಎಷ್ಟೋ ಹಳ್ಳಿಗಳು ಮೊದಲು ಕಂಡ ಮೋಟಾರು ಗಾಡಿ ಬಿಡಿಒ ಜೀಪೇ. ನಮ್ಮ ಅಜ್ಜಂದಿರ ಬಾಯಲ್ಲಿ ಜೀಪು ಅಂದರೆ ಸರ್ಕಾರ ಅಂತಲೇ ಅರ್ಥ. ಕಾಫಿ ತೋಟದವರು, ದೊಡ್ಡ ಹಿಡುವಳಿದಾರರು ಆಮೇಲೆ ಕೊಂಡರು. ಉಳಿದವರ ಕೈಗೆ ಅದು ಬಂದದ್ದು ಹಳೆಯದಾದ ಮೇಲೆ, ಹರಾಜಿನಲ್ಲೋ ಮೂರನೇ ನಾಲ್ಕನೇ ಕೈಯಲ್ಲೋ.

ಆ ಹಳೇ ಜೀಪುಗಳಲ್ಲಿ ಇದ್ದದ್ದು ಪೆಟ್ರೋಲ್ ಎಂಜಿನ್. ಬಾಯಾರಿಕೆ ಜಾಸ್ತಿ. ಹಾಗಾಗಿ ಎಷ್ಟೋ ಜನ ಅದನ್ನು ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. 1980ರ ದಶಕದಲ್ಲಿ ಮಹೀಂದ್ರದ ಎಂಎಂ 540 ಬಂತು. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಬಂತು. ಸಣ್ಣ ಪೆಟ್ರೋಲ್ ಎಂಜಿನ್, ಹಗುರ ಮೈ, ಫೋರ್ ವೀಲ್. ಮೊದಲು 970 ಸಿಸಿ ಇತ್ತು, 1990ರ ದಶಕದಲ್ಲಿ 1.3 ಲೀಟರ್ ಆಯಿತು. ಪೊಲೀಸ್, ಸೈನ್ಯ, ಅರಣ್ಯ ಇಲಾಖೆ, ರ‍್ಯಾಲಿ ಓಡಿಸುವವರು, ಎಲ್ಲರೂ ಅದನ್ನು ಬಳಸಿದರು. 2019ರ ಹೊತ್ತಿಗೆ ಅದರ ಮಾರಾಟ ನಿಂತಿತು. 2010ರಲ್ಲಿ ಥಾರ್ ಬಂತು, 2020ರಲ್ಲಿ ಅದರ ಹೊಸ ರೂಪ ಬಂತು. 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂತು. 2020ರ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಸಿಕ್ಕಿತು. ಏರ್‌ಬ್ಯಾಗೇ ಇಲ್ಲದ ಹಳೇ ಜೀಪಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದು.

ಒಂದು ಮಾತು ನೆನಪಿರಲಿ. ಜೀಪಿನಂತೆ ಕಾಣುವುದೆಲ್ಲ ಫೋರ್ ವೀಲ್ ಅಲ್ಲ. ಹಳೇ ಜೀಪುಗಳಲ್ಲಿ ಹಿಂದಿನ ಎರಡೇ ಚಕ್ರ ಎಳೆಯುವವು ಬೇಕಾದಷ್ಟಿವೆ. 2023ರಿಂದ ಥಾರ್ ಕೂಡ ಟೂ ವೀಲ್ ಡ್ರೈವ್‌ನಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಫೋರ್ ವೀಲ್ ಗೇರು ಹಾಕಿಸಿ ಕೆಸರಿನಲ್ಲಿ ಓಡಿಸಿ ನೋಡಬೇಕು. ಆಮೇಲೆ ಅಡಿಗೆ ಹೋಗಿ ಚಾಸಿ ನೋಡಬೇಕು. ತುಕ್ಕು ಹಿಡಿದ ಚಾಸಿಗೆ ವೆಲ್ಡಿಂಗ್ ಮಾಡಿ ಕಪ್ಪು ಬಣ್ಣ ಬಳಿದಿದ್ದರೆ ಮೇಲಿನ ಹೊಸ ಪೇಂಟಿಗೆ ಬೆಲೆ ಇಲ್ಲ.

ಪಾಲಿಸಿ ಯಾರಿಗಾಗಿ ಬಂತು?

ಈಗ ಇನ್ನೊಂದು ಚರಿತ್ರೆ. ಗಾಡಿಯ ಇನ್ಶೂರೆನ್ಸ್ ಗಾಡಿ ಇದ್ದವರ ಅನುಕೂಲಕ್ಕೆ ಮಾಡಿದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕಾನೂನು ಅದನ್ನು ಕಡ್ಡಾಯ ಮಾಡಿದ್ದು ಗಾಡಿ ಇಲ್ಲದವರಿಗಾಗಿ.

ಇಂಗ್ಲೆಂಡಿನಲ್ಲಿ ಕಾರುಗಳು ಹೆಚ್ಚಿದಾಗ ದಾರಿಯಲ್ಲಿ ನಡೆಯುವವರು ಸಾಯತೊಡಗಿದರು. ಗುದ್ದಿದವನ ಹತ್ತಿರ ಹಣ ಇಲ್ಲದಿದ್ದರೆ ಸತ್ತವನ ಮನೆಗೆ ಏನೂ ಸಿಗುತ್ತಿರಲಿಲ್ಲ. ಅದಕ್ಕೆಂದೇ 1930ರಲ್ಲಿ ಅಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದ ಕಾನೂನು ಬಂತು. ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಅದೇ ದಾರಿ ಹಿಡಿಯಿತು. ಆದರೆ ವಿಮೆಯ ಭಾಗ ಜಾರಿಗೆ ಬಂದದ್ದು 1946ರ ಜುಲೈ 1ರಿಂದ. ಪರಿಹಾರಕ್ಕಾಗಿ ಸಿವಿಲ್ ಕೋರ್ಟಿಗೆ ಅಲೆಯುವುದು ತಪ್ಪಲಿ ಎಂದು 1956ರ ತಿದ್ದುಪಡಿಯಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಜಾಗ ಮಾಡಲಾಯಿತು. 1973ರ ಜನವರಿ 1ರಂದು 107 ಸಾಮಾನ್ಯ ವಿಮಾ ಕಂಪನಿಗಳನ್ನು ಸೇರಿಸಿ ನಾಲ್ಕು ಸರ್ಕಾರಿ ಕಂಪನಿ ಮಾಡಿದರು. 1982ರಲ್ಲಿ, ತಪ್ಪು ಯಾರದೆಂದು ಸಾಬೀತಾಗದಿದ್ದರೂ ಸತ್ತವರ ಕುಟುಂಬಕ್ಕೆ ಒಂದಿಷ್ಟು ಹಣ ಸಿಗುವ ನಿಯಮ ಬಂತು. ಈಗ ನಾವು ಪಾಲಿಸುತ್ತಿರುವುದು 1988ರ ಕಾಯ್ದೆ, ಅದರ 146ನೇ ಸೆಕ್ಷನ್. ವಿಮೆ ಇಲ್ಲದೆ ಗಾಡಿ ರಸ್ತೆಗೆ ತರುವಂತಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ ದಂಡ 2000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4000.

ದಂಡ ಕಟ್ಟಿದರೆ ಮುಗಿಯಿತು ಅನ್ನುವವರಿಗೆ ನಮ್ಮ ಊರಿನದೇ ಒಂದು ಸಂಗತಿ ಹೇಳುತ್ತೇವೆ. ಸಂತೆಯ ದಿನ ಒಂದು ಜೀಪು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಬುಟ್ಟಿ ಹೊತ್ತು ಬರುತ್ತಿದ್ದ ಕೂಲಿ ಹೆಂಗಸಿಗೆ ಬಡಿಯಿತು. ಕಾಲು ಹೋಯಿತು. ಜೀಪಿನ ಪಾಲಿಸಿ ಮುಗಿದು 11 ದಿನವಾಗಿತ್ತು. ಓನರ್ ಕೆಟ್ಟವರಲ್ಲ. "ಅಡಿಕೆ ದುಡ್ಡು ಬಂದ ಮೇಲೆ ಕಟ್ಟೋಣ ಅಂತಿದ್ದೆ" ಅಂದರು. ಪರಿಹಾರ ಅವರ ತಲೆಗೇ ಬಂತು. ಒಂದು ಎಕರೆ ತೋಟ ಮಾರಿದರು. ಆ ಹೆಂಗಸಿಗೆ ಹಣ ಪೂರ್ತಿ ಸಿಗುವ ಹೊತ್ತಿಗೆ ಅವರ ಮಗಳು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದಳು. 11 ದಿನದ ಉದಾಸೀನಕ್ಕೆ ಎರಡು ಮನೆ ಬೆಲೆ ತೆತ್ತವು.

ಇಂಥವು ಎಷ್ಟೋ ನಡೆದದ್ದರಿಂದಲೇ 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರು, ಜೀಪು ಕೊಂಡರೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಬೈಕಿಗೆ ಐದು ವರ್ಷದ್ದು. ಹಳೇ ಗಾಡಿ ಕೊಳ್ಳುವವರು ಮಾತ್ರ ವರ್ಷ ವರ್ಷ ತಾವೇ ನೆನಪಿಟ್ಟುಕೊಳ್ಳಬೇಕು.

ವಯಸ್ಸು ಕೇಳುವುದಿಲ್ಲ, ಸಿಸಿ ಕೇಳುತ್ತಾರೆ

ಇಂಗ್ಲೆಂಡಿನಲ್ಲಿ ಇಪ್ಪತ್ತರ ಹುಡುಗ ಕಾರು ಓಡಿಸಬೇಕಾದರೆ ವಿಮೆಯ ಕಂತು ಬಹಳ ದುಬಾರಿ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಸರ್ಕಾರ. ಅದು ನೋಡುವುದು ಎಂಜಿನ್ ಎಷ್ಟು ಸಿಸಿ ಎಂಬುದನ್ನು, ಓಡಿಸುವವನ ವಯಸ್ಸನ್ನಲ್ಲ.

2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, ಖಾಸಗಿ ಕಾರು, ಜೀಪುಗಳಿಗೆ ವರ್ಷಕ್ಕೆ ಹೀಗಿದೆ. 1000 ಸಿಸಿವರೆಗೆ 2094 ರೂಪಾಯಿ. 1000ದಿಂದ 1500 ಸಿಸಿವರೆಗೆ 3416 ರೂಪಾಯಿ. 1500 ದಾಟಿದರೆ 7897 ರೂಪಾಯಿ. ಇದರ ಮೇಲೆ ಜಿಎಸ್‌ಟಿ ಬೇರೆ. ಕಟ್ಟುವ ಮುಂಚೆ ಈ ವರ್ಷದ ದರ ಒಮ್ಮೆ ಕೇಳಿಕೊಳ್ಳಿ.

ಇದನ್ನು ಗಾಡಿಗಳಿಗೆ ಹೊಂದಿಸಿ ನೋಡಿ. ಹಳೇ ಪೆಟ್ರೋಲ್ ಜೀಪು ಸುಮಾರು 2200 ಸಿಸಿ, ಎಂಎಂ 540 ಸಹ 2100 ದಾಟುತ್ತದೆ, ಥಾರ್‌ನ 2.2 ಲೀಟರ್ ಡೀಸೆಲ್ ಕೂಡ ಅಷ್ಟೇ. ಇವೆಲ್ಲ 7897ರ ಸಾಲಿಗೆ ಬರುತ್ತವೆ. 1.3 ಲೀಟರ್ ಜಿಪ್ಸಿ, ಜಿಮ್ನಿ, 1.5 ಲೀಟರ್ ಡೀಸೆಲ್ ಥಾರ್, ಇವು 3416ರ ಸಾಲಿಗೆ. ಹಳೇ 970 ಸಿಸಿ ಜಿಪ್ಸಿ 2094ಕ್ಕೇ ಮುಗಿಯುತ್ತದೆ. ಬೇರೆ ಬೇರೆ ಗಾಡಿಗಳ ನಡುವೆ ಲೆಕ್ಕ ಹಾಕುವಾಗ ಈ ಅಂತರವನ್ನೂ ವರ್ಷ ವರ್ಷದ ಖರ್ಚಿಗೆ ಸೇರಿಸಿಕೊಳ್ಳಬೇಕು.

ನಮ್ಮ ಗಾಡಿಗೆ ಆಗುವ ಹಾನಿಗೂ ಸೇರಿಸಿ ಮಾಡಿಸುವುದು ಫುಲ್ ಇನ್ಶೂರೆನ್ಸ್. ಅದರಲ್ಲಿ ಗಾಡಿಗೆ ಕಟ್ಟುವ ಬೆಲೆಗೆ ಐಡಿವಿ ಅನ್ನುತ್ತಾರೆ. ಐದು ವರ್ಷ ದಾಟಿದ ಗಾಡಿಗೆ ಆ ಬೆಲೆ ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳುವಂಥದ್ದು. ಕಂತು ಕಮ್ಮಿಯಾಗಲಿ ಎಂದು ಐಡಿವಿ ತೀರಾ ಇಳಿಸಿದರೆ, ಗಾಡಿ ಕಳುವಾದ ದಿನ ಸಿಗುವುದೂ ಅಷ್ಟೇ.

ಪಾಲಿಸಿ ಇದ್ದೂ ಕೈಬಿಡುವ ಜಾಗಗಳು

ವಯಸ್ಸು ಕೇಳುವುದಿಲ್ಲ ಅಂದ ಮಾತ್ರಕ್ಕೆ ಎಳೆಯರಿಗೆ ಅಪಾಯ ಇಲ್ಲ ಎಂದಲ್ಲ. ಎಳೆಯರು ಎಡವುವುದು ಈ ಆರು ಕಡೆ.

ಮೊದಲನೆಯದು ಹೆಸರು. ಹಳೇ ಜೀಪಿನ ಆರ್‌ಸಿ ಇನ್ಯಾರದೋ ಹೆಸರಲ್ಲಿ ಇರುವುದು ನಮ್ಮಲ್ಲಿ ಮಾಮೂಲು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಕೋರ್ಟ್ ಹೇಳಿತು. ಮಾರುವವರಿಗೆ ಇದು ಎಚ್ಚರಿಕೆ. ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ ಇದೆ. ಗಾಡಿ ಕೈಬದಲಾದರೆ ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆ ಬರುತ್ತದೆ. ನಿಮ್ಮ ಗಾಡಿಯ ಹಾನಿಯ ಭಾಗ ತಾನಾಗಿ ಬರುವುದಿಲ್ಲ. 14 ದಿನದೊಳಗೆ ಪಾಲಿಸಿಯನ್ನು ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೇ ಓನರಿನ ನೋ ಕ್ಲೈಮ್ ಬೋನಸ್ ಅವರದೇ, ನಿಮಗೆ ಬರುವುದಿಲ್ಲ.

ಎರಡನೆಯದು ಅಪ್ಪನ ಹೆಸರು. ಗಾಡಿ ಅಪ್ಪನ ಹೆಸರಲ್ಲಿದ್ದು, ಲೈಸೆನ್ಸ್ ಇರುವ ಮಗ ಓಡಿಸಿದರೆ ಪಾಲಿಸಿ ನಡೆಯುತ್ತದೆ. ಆದರೆ ಓನರ್-ಡ್ರೈವರ್‌ಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಓನರಿಗೆ ಮಾತ್ರ. ಮಗನಿಗೆ ಬೇಕೆಂದರೆ ಬೇರೆ ಮಾಡಿಸಬೇಕು. ಇನ್ನು 18 ತುಂಬದ ಹುಡುಗನ ಕೈಗೆ ಕೀ ಕೊಟ್ಟರೆ, 2019ರ ತಿದ್ದುಪಡಿಯಂತೆ ತಂದೆ ಅಥವಾ ಓನರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮೂರನೆಯದು ಗೆಳೆಯರು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ, ಜೀಪಿನೊಳಗೆ ಪುಕ್ಕಟೆ ಕೂತ ಗೆಳೆಯರಿಗೆ ಅದು ಆಗುವುದಿಲ್ಲ. ಜಲಪಾತ ನೋಡಲು ಏಳು ಜನ ಹತ್ತಿಕೊಂಡು ಹೋಗುವ ಮುಂಚೆ ಇದು ಗೊತ್ತಿರಬೇಕು. ಫುಲ್ ಇನ್ಶೂರೆನ್ಸ್ ಅವರಿಗೂ ಅನ್ವಯಿಸುತ್ತದೆ.

ನಾಲ್ಕನೆಯದು ಬಾಡಿಗೆ ಮತ್ತು ಪಂದ್ಯ. ಕೊಡಚಾದ್ರಿ, ಮಾಂದಲಪಟ್ಟಿಗೆ ಜನ ಜೀಪಿನಲ್ಲೇ ಹತ್ತುತ್ತಾರೆ. ಅದನ್ನು ನೋಡಿ ಬಿಳಿ ಬೋರ್ಡಿನ ಜೀಪಿನಲ್ಲಿ ಬಾಡಿಗೆ ಹೊಡೆಯಲು ಹೋದರೆ, ಖಾಸಗಿ ಪಾಲಿಸಿ ಅದಕ್ಕೆ ಅಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ರೇಸು, ರ‍್ಯಾಲಿಗೂ ಹಾಗೆಯೇ, ಅವಕ್ಕೆ ಬೇರೆ ಒಪ್ಪಿಗೆ ಬೇಕು.

ಐದನೆಯದು ಹಳ್ಳ. ನೀರಿಗೆ ಇಳಿಸಿದ ಗಾಡಿಯ ಎಂಜಿನ್‌ಗೆ ನೀರು ನುಗ್ಗಿ ಕೆಟ್ಟರೆ ಮಾಮೂಲು ಫುಲ್ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳಬೇಕು. ಅದನ್ನು ಎಷ್ಟು ವರ್ಷದ ಗಾಡಿಗೆ ಕೊಡುತ್ತಾರೆ ಎಂದು ಮೊದಲೇ ಕೇಳಬೇಕು.

ಆರನೆಯದು ಬದಲಾವಣೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಂಪನಿ ತಯಾರಿಸಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. ಎಂಜಿನ್ ಬದಲಾಯಿಸಬೇಕಾದರೂ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಕಾಗದದಲ್ಲಿ ಒಂದು ಗಾಡಿ, ರಸ್ತೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಕ್ಲೈಮ್ ಕೇಳುವ ದಿನ ಉತ್ತರ ಕೊಡುವುದು ಕಷ್ಟ.

ಆ ಜೀಪು ಏನಾಯಿತು?

ನಾವು ಮೂವರು ಹುಡುಗನ ಜೊತೆ ಗ್ಯಾರೇಜಿಗೆ ಹೋದೆವು. ಆರ್‌ಸಿ ತರಿಸಿ ನೋಡಿದೆವು. ಹೆಸರು ಬೇರೆ ಜಿಲ್ಲೆಯವರದು. ಗ್ಯಾರೇಜಿನವರಿಗೆ ಅವರ ಪರಿಚಯವೇ ಇಲ್ಲ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದೆ, ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಎಂಜಿನ್. ಚಾಸಿ ನಂಬರಿನ ಜಾಗ ಉಜ್ಜಿ ನೋಡಿದರೂ ಎರಡು ಅಂಕಿ ಓದಲಾಗಲಿಲ್ಲ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆಗಬೇಕಾದ ಎಫ್‌ಸಿ ಯಾವಾಗಲೋ ಮುಗಿದಿತ್ತು.

"ಇದೆಲ್ಲ ಯಾರು ಕೇಳ್ತಾರೆ ಮಾರಾಯ್ರೆ, ಈ ರೋಡಲ್ಲಿ ಯಾವ ಪೊಲೀಸ್ ಬರ್ತಾನೆ?" ಅಂದರು ಗ್ಯಾರೇಜಿನವರು.

ಹುಡುಗ ನಮ್ಮ ಮುಖ ನೋಡಲಿಲ್ಲ. ಟೈರನ್ನೊಮ್ಮೆ ಮುಟ್ಟಿ ನೋಡಿ, "ಬೇಡ ಬಿಡಿ" ಅಂದ. ಮನಸ್ಸಿಲ್ಲದ ಮನಸ್ಸಿನಿಂದಲೇ ಅಂದದ್ದು. ಅವನ ಮನೆ ದಾರಿಯಲ್ಲಿ ಪೊಲೀಸರು ಬರುವುದಿಲ್ಲ ಎಂಬುದು ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಅದೇ ದಾರಿಯಲ್ಲಿ ಶಾಲೆ ಮಕ್ಕಳು ನಡೆಯುತ್ತಾರೆ, ತೋಟದ ಕೆಲಸದವರು ಬರುತ್ತಾರೆ.

ನಾಲ್ಕು ತಿಂಗಳ ನಂತರ 2012ರ ಒಂದು ಜಿಪ್ಸಿ ಸಿಕ್ಕಿತು. ಬಣ್ಣ ಮಾಸಿದೆ, ಟೈರು ಮಾಮೂಲು. ಚಾಸಿ ಗಟ್ಟಿ ಇದೆ. ಮಾರುವವರು ಎದುರಿಗೇ ಕೂತು ಫಾರಂಗಳಿಗೆ ಸಹಿ ಹಾಕಿದರು. ಮುಂಗಡ ಕೊಟ್ಟು, ಉಳಿದ ಹಣವನ್ನು ಆರ್‌ಸಿ ಹೆಸರಿಗೆ ಬಂದ ಮೇಲೆ ಕೊಡುವುದೆಂದು ಮಾತಾಯಿತು. ಫುಲ್ ಇನ್ಶೂರೆನ್ಸ್ ಅವನ ಹೆಸರಲ್ಲೇ ಆಯಿತು.

ಗಾಡಿ ಮನೆಗೆ ಬಂದ ದಿನ ಅಜ್ಜಿ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದರು. ಹುಡುಗ ಪಾಲಿಸಿಯ ಕೊನೆ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಅಡಿಕೆ ಕೊಯ್ಲಿನ ಲೆಕ್ಕದ ಪಕ್ಕ, ಕೆಂಪು ಪೆನ್ನಿನಲ್ಲಿ ಬರೆದಿದ್ದಾನೆ. ನಿಮ್ಮ ಮನೆಯ ಗಾಡಿಯದು ಯಾವಾಗ ಮುಗಿಯುತ್ತದೆ? ಇದನ್ನು ಓದಿ ಮುಗಿಸಿದ ಮೇಲೆ ಫೋನ್ ಕೆಳಗಿಡುವ ಮುಂಚೆ ಒಮ್ಮೆ ನೋಡಿಬಿಡಿ.